ಕನ್ಫೈಡ್ ಎಂಬ ಪದ ಮತ್ತು ನನ್ನ ಎಡಗಿವಿ

ಚಿಕ್ಕೋಡಿಯಲ್ಲಿ ನನ್ನ ಮನೆ. ನಿಪ್ಪಾಣಿ ತಾಲೂಕಿನಲ್ಲಿ, ಭೋಜದ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಹದಿನೆಂಟು ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ನಾನು ಒಳ್ಳೆಯ ಶಿಕ್ಷಕಿ. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಮೊಬೈಲಿನಲ್ಲಿ ಹಿಂದಿ ಎಂದು ಆಗಲೇ ಮೂರು ಭಾಷೆಗಳಲ್ಲಿ ಓಡಾಡುವ ಮಕ್ಕಳಿಗೆ ನಾಲ್ಕನೆಯದನ್ನು ಅಂಜದೆ ಆಡಲು ಕಲಿಸಿದ್ದೇನೆ. ಆದರೆ ಒಂದು ಇಂಗ್ಲಿಷ್ ಕ್ರಿಯಾಪದವನ್ನು ಮಾತ್ರ ಮೊದಲು ಪಾಠ ಮಾಡಿ, ಆಮೇಲೆ ನಾನೇ ಕಲಿತೆ. ಆ ಕಥೆಯನ್ನು ಈಗ ಬರೆಯಬಹುದು. ಅದರಲ್ಲಿದ್ದವರೆಲ್ಲ ಒಪ್ಪಿದ್ದಾರೆ.

ಅದು ಹತ್ತನೆಯ ತರಗತಿ. ಓದಲು ಕೊಟ್ಟ ಒಂದು ಪುಟದಲ್ಲಿ, ಅಣ್ಣನೊಬ್ಬ ತನ್ನ ತಂಗಿಗೆ ಮನಸ್ಸಿನ ಮಾತು ಹೇಳಿಕೊಂಡ ಎಂಬ ವಾಕ್ಯವಿತ್ತು. ಅಲ್ಲಿ ಬಳಸಿದ್ದ ಪದ 'ಕನ್ಫೈಡ್', ಅದರ ಬೆನ್ನಿಗೇ 'ಇನ್'. ನಾನು ಬೋರ್ಡಿನ ಮೇಲೆ 'ಗುಟ್ಟು ಹೇಳು' ಎಂದು ಅರ್ಥ ಬರೆದು ಮುಂದಿನ ಸಾಲಿಗೆ ಹೊರಟಿದ್ದೆ. ಎರಡನೆಯ ಬೆಂಚಿನ ಹುಡುಗಿ ಎದ್ದು ನಿಂತಳು. ಬೆರಳುಗಳಲ್ಲಿ ಯಾವಾಗಲೂ ಶಾಯಿ ಮೆತ್ತಿಕೊಂಡಿರುತ್ತಿದ್ದ, ಅಪ್ಪಣೆಗಾಗಿ ಕಾಯದೆ ಪ್ರಶ್ನೆ ಕೇಳುತ್ತಿದ್ದ ಹುಡುಗಿ ಅವಳು.

"ಟೀಚರ್, ತಂಗಿಗೆ ಹೇಳಿದ ಅಂದ್ರ 'ಟು' ಬರಬೇಕಲ್ರಿ. ಇಲ್ಲಿ 'ಇನ್' ಯಾಕ ಐತಿ?"

ಇಂಗ್ಲಿಷ್ ಶಿಕ್ಷಕರೆಲ್ಲ ಕೊಡುವ ಉತ್ತರವನ್ನೇ ನಾನೂ ಕೊಟ್ಟೆ. ಅದು ಆ ಪದದ ರೂಢಿ, ಹಾಗೇ ಬಾಯಿಪಾಠ ಮಾಡಿಕೊಳ್ಳಿ ಎಂದೆ. ಹುಡುಗಿ ಕುಳಿತಳು. ಅವಳಿಗೆ ಸಮಾಧಾನವಾಗಿಲ್ಲ ಎಂಬುದು ಮುಖದ ಮೇಲೆ ಕಾಣುತ್ತಿತ್ತು. ನನಗೂ ಆಗಿರಲಿಲ್ಲ.

ಆ ಸಂಜೆ ಮನೆಗೆ ಬಂದು ದಪ್ಪ ನಿಘಂಟನ್ನು ಕೆಳಗಿಳಿಸಿದೆ. ಕನ್ಫೈಡ್ ಲ್ಯಾಟಿನ್ ಭಾಷೆಯಿಂದ ಬಂದ ಪದ. ಅದರೊಳಗಿನ 'ಫಿದೆರೆ' ಎಂದರೆ ನಂಬು. ಪದದ ಮೊದಲಿಗೆ ಬರುವ 'ಕನ್' ಆ ನಂಬಿಕೆಗೆ ಬಲ ಕೊಡುತ್ತದೆ: ಪೂರ್ತಿ ನಂಬು, ಭಾರ ಬಿಟ್ಟು ನಂಬು. ಬಹಳ ಕಾಲ ಇಂಗ್ಲಿಷಿನಲ್ಲೂ ಅದಕ್ಕೆ ಅಷ್ಟೇ ಅರ್ಥವಿತ್ತು. ಗುಟ್ಟಿನ ಮಾತು ಅದರೊಳಗೆ ಬಂದದ್ದು ಎಷ್ಟೋ ಆಮೇಲೆ. ಹುಡುಗಿಯ ಪ್ರಶ್ನೆಗೆ ಉತ್ತರವೂ ಅಲ್ಲೇ ಇತ್ತು. ನಂಬುವುದಕ್ಕೆ ಇಂಗ್ಲಿಷಿನಲ್ಲಿ ಮೊದಲಿನಿಂದಲೂ 'ಇನ್' ಬರುತ್ತದೆ. ದೇವರನ್ನು ನಂಬುವುದಕ್ಕೂ ಅದೇ, ಗೆಳೆಯನನ್ನು ನಂಬುವುದಕ್ಕೂ ಅದೇ. ಅರ್ಥ ಬದಲಾದರೂ ಪದ ತನ್ನ ಹಳೆಯ 'ಇನ್' ಬಿಟ್ಟಿಲ್ಲ. ಅಂದರೆ ನಾನು ಬೋರ್ಡಿನ ಮೇಲೆ ಬರೆದದ್ದು ಅರ್ಧ ಅರ್ಥ ಮಾತ್ರ. ನಾವು ದಿನಕ್ಕೆ ಹತ್ತು ಸಲ ಆಡುವ 'ಕಾನ್ಫಿಡೆನ್ಸ್' ಕೂಡ ಇದೇ ಮನೆಯ ಮಗಳು. ಮದುವೆ ನಿಶ್ಚಯವಾದ ಹುಡುಗನಿಗೆ ಹೇಳುವ 'ಫಿಯಾನ್ಸೆ'ಯೂ ಇದೇ ಬಳಗದ್ದು.

ಮರುದಿನ ಸ್ಟಾಫ್ ರೂಮಿನಲ್ಲಿ ನಮ್ಮ ಸಂಸ್ಕೃತದ ಶಿಕ್ಷಕರಿಗೆ ಇದನ್ನು ಹೇಳಿದೆ. ಅವರು ನಿವೃತ್ತಿಯ ಹತ್ತಿರ ಬಂದ ಹಿರಿಯರು. ಹಾಗಾದರೆ ನಮ್ಮ 'ವಿಶ್ವಾಸ'ವನ್ನೂ ಒಡೆದು ನೋಡಿ ಎಂದರು. ಅದರ ಹೊಟ್ಟೆಯಲ್ಲಿ ಇರುವುದು ಶ್ವಾಸ. ಯಾರ ಹತ್ತಿರ ಕುಳಿತರೆ ಅಂಜಿಕೆಯಿಲ್ಲದೆ ಸಲೀಸಾಗಿ ಉಸಿರಾಡಬಹುದೋ ಅವರ ಮೇಲೆ ಇರುವುದು ವಿಶ್ವಾಸ ಎಂದು ವಿವರಿಸಿದರು. ಎರಡನ್ನೂ ತರಗತಿಯಲ್ಲಿ ಹೇಳಿದೆ. ನನ್ನ ಉತ್ತರ ತಪ್ಪಿತ್ತು, ನಿನ್ನ ಪ್ರಶ್ನೆ ಸರಿಯಿತ್ತು ಎಂದು ಹುಡುಗಿಗೂ ಹೇಳಿದೆ. ಅವಳು ಎಲ್ಲವನ್ನೂ ಬರೆದುಕೊಂಡಳು. ಅವತ್ತು ನನ್ನ ಪಾಠದ ಬಗ್ಗೆ ನನಗೇ ಬಹಳ ಮೆಚ್ಚುಗೆಯಾಗಿತ್ತು.

ಅದೇ ಶುಕ್ರವಾರ ಸಂಜೆ, ಕೊನೆಯ ಗಂಟೆ ಹೊಡೆದ ಮೇಲೆ, ನಾನು ವರಾಂಡದಲ್ಲಿ ಬಸ್ಸಿನ ಅವಸರದಲ್ಲಿದ್ದೆ. ನೀರಿನ ಟಾಕಿಯ ಹತ್ತಿರ ಮಕ್ಕಳು ಒಬ್ಬರನ್ನೊಬ್ಬರು ತಳ್ಳುತ್ತ ಕೂಗಾಡುತ್ತಿದ್ದರು. ಹೊರಗೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಹಾಡು ಹಚ್ಚಿಕೊಂಡು ಹೋಗುತ್ತಿತ್ತು. ಹುಡುಗಿ ನನ್ನ ಎಡಗಡೆಗೆ ಬಂದು ನಿಂತು, ಕಣ್ಣು ನೆಲದ ಮೇಲಿಟ್ಟು, ಮೆಲ್ಲನೆ ಮಾತಾಡತೊಡಗಿದಳು. ಸ್ವಲ್ಪ ಉದ್ದವಾಗಿಯೇ ಮಾತಾಡಿದಳು. ನನಗೆ 'ಅವ್ವ' ಎಂಬುದು ಒಮ್ಮೆ ಕೇಳಿಸಿತು. ಕೊನೆಗೆ ತಲೆ ಎತ್ತಿದಾಗ 'ಯಾರಿಗೂ ಹೇಳಬ್ಯಾಡ್ರಿ' ಎಂದದ್ದು ತುಟಿಯಿಂದ ತಿಳಿಯಿತು. ನಾನು ತಲೆಯಾಡಿಸಿದೆ.

"ಆತು, ಹಂಗ ಮಾಡೂಣು," ಎಂದೆ.

ಅವಳ ಮುಖ ಅರಳಿತು. ಚೀಲ ಹೆಗಲಿಗೆ ಹಾಕಿಕೊಂಡು ಓಡಿದಳು. ನಾನು ಬಸ್ಸು ಹತ್ತಿದೆ.

ಇಲ್ಲಿ ನನ್ನ ವಿಷಯ ಹೇಳಬೇಕು. ಆಗ್ಗೆ ನಾಲ್ಕೈದು ವರ್ಷಗಳಿಂದ ನನ್ನ ಎಡಗಿವಿ ಮಂದವಾಗುತ್ತ ಬಂದಿತ್ತು. ಕೊರೊನಾ ಕಾಲದಲ್ಲಿ ಶಾಲೆ ಮತ್ತೆ ತೆರೆದು ಎಲ್ಲರೂ ಮಾಸ್ಕ್ ಹಾಕಿಕೊಂಡು ಕುಳಿತಾಗ ನನಗೆ ತರಗತಿಯೇ ಕೇಳಿಸದಾಯಿತು. ಅಷ್ಟು ದಿನ ಅರ್ಧ ಮಾತನ್ನು ಕಿವಿಯಿಂದಲ್ಲ, ತುಟಿ ನೋಡಿ ತಿಳಿಯುತ್ತಿದ್ದೆ ಎಂದು ಆಗ ಗೊತ್ತಾಯಿತು. ಆದರೂ ಯಾರಿಗೂ ಹೇಳಲಿಲ್ಲ. ರಾಯಬಾಗದ ಕಚೇರಿಗೆ ದಿನಾ ಹೋಗಿಬರುವ ನನ್ನ ಗಂಡನಿಗೂ ಹೇಳಲಿಲ್ಲ. ಹೇಳಿದ ಮಾತಿಗೆ ನಿನ್ನ ಲಕ್ಷ್ಯವೇ ಇರುವುದಿಲ್ಲ ಎಂದು ಅವರು ಬೇಸರಪಟ್ಟರೆ, ಲಕ್ಷ್ಯವಿಲ್ಲದವಳು ಎನ್ನಿಸಿಕೊಳ್ಳುವುದೇ ವಾಸಿ ಎಂದು ಸುಮ್ಮನಿರುತ್ತಿದ್ದೆ. ಉಚ್ಚಾರ ಕಲಿಸುವ ಶಿಕ್ಷಕಿಗೇ ಕಿವಿ ಕೇಳುವುದಿಲ್ಲ ಎಂದಾದರೆ ಜನ ಏನೆಂದಾರು ಎಂಬ ಅಳುಕು ನನಗಿತ್ತು. ಹೀಗಾಗಿ ಉಪಾಯಗಳನ್ನು ಮಾಡಿಕೊಂಡಿದ್ದೆ. ತರಗತಿಯಲ್ಲಿ ಕಿಟಕಿಯ ಪಕ್ಕ ನಿಂತರೆ ಮಕ್ಕಳೆಲ್ಲ ಬಲಗಡೆಗೆ ಬರುತ್ತಿದ್ದರು. ಸಭೆಗಳಲ್ಲಿ ಎಡತುದಿಯ ಕುರ್ಚಿಯೇ ನನ್ನದು. ಕೇಳಿಸದ ಮಾತಿಗೆ 'ಆತು', 'ನೋಡೂಣು', 'ಹೌದೌದು' ಎಂಬ ಮೂರು ಉತ್ತರಗಳಿದ್ದವು. ಮೂರರಲ್ಲಿ ಒಂದು ಹೊಂದಿಯೇ ಹೊಂದುತ್ತಿತ್ತು. ಹುಡುಗಿಗೆ ಕೊಟ್ಟದ್ದೂ ಅದೇ.

ರವಿವಾರ ನಾವು ಬೆಳಗ್ಗೆಯೇ ಅಥಣಿಯ ನನ್ನ ತವರಿಗೆ ಹೋಗಿ, ಅಲ್ಲಿಂದ ಎಲ್ಲರೂ ಕೂಡಿ ತಮ್ಮನ ಕೂಸನ್ನು ಮಂಗಸೂಳಿಯ ಮಲ್ಲಯ್ಯ ದೇವರಿಗೆ ತೋರಿಸಿ ಸಂಜೆ ತಿರುಗಿ ಬಂದೆವು. ಮನೆಯ ಬೀಗ ತೆಗೆಯುವಾಗ ಪಕ್ಕದ ಮನೆಯ ಜೈನ ಅಜ್ಜಿ ತಮ್ಮ ಕಟ್ಟೆಯಿಂದ ಕರೆದರು. ಯಾರೋ ಒಬ್ಬ ಹೆಣ್ಣುಮಗಳು ಬಂದಿದ್ದಳು, ಎರಡು ತಾಸು ನಿಮ್ಮ ಮೆಟ್ಟಿಲ ಮೇಲೆ ಕುಳಿತಿದ್ದಳು ಎಂದರು. ಒಳಗೆ ಬಾ ಎಂದರೂ ಬರಲಿಲ್ಲವಂತೆ. ಏನು ಕೆಲಸ ಎಂದು ಕೇಳಿದರೆ ಹೇಳಲಿಲ್ಲವಂತೆ. ಟೀಚರು ಬರುತ್ತಾರೆ, ಬರಲು ಹೇಳಿದ್ದಾರೆ ಎಂದಷ್ಟೇ ಅನ್ನುತ್ತಿದ್ದಳಂತೆ. ಚೀಲದಲ್ಲಿ ಪುಸ್ತಕ ಇದ್ದ ಹಾಗಿತ್ತು, ನಿಪ್ಪಾಣಿ ಬಸ್ಸಿನ ಹೊತ್ತಾಯಿತೆಂದು ಎದ್ದುಹೋದಳು ಎಂದರು.

ನಾನು ಯಾರಿಗೂ ಬರಲು ಹೇಳಿರಲಿಲ್ಲ. ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟು ನಿಂತಾಗ ವರಾಂಡ ನೆನಪಾಯಿತು. ಹುಡುಗಿಗೆ 'ಹಂಗ ಮಾಡೂಣು' ಎಂದದ್ದೂ ನೆನಪಾಯಿತು.

ಸೋಮವಾರ ಹುಡುಗಿ ತರಗತಿಯಲ್ಲಿ ತಲೆ ಎತ್ತಲಿಲ್ಲ. ಮಂಗಳವಾರವೂ ಅಷ್ಟೇ. ಸಿಟ್ಟು ಮಾಡಿಕೊಂಡವಳ ಹಾಗೂ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಆದರೆ ತಾನಾಗಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಕರೆದು ಏನಾತವ್ವ ಎಂದರೆ, ಏನಿಲ್ರಿ ಟೀಚರ್ ಎಂದು ಹೋಗಿಬಿಟ್ಟಳು. ಕೊಟ್ಟ ನಂಬಿಕೆಯನ್ನು ಅವಳು ಹಿಂದಕ್ಕೆ ತೆಗೆದುಕೊಂಡಿದ್ದಳು. ನಂಬಿ ಹೇಳುವುದರ ಬಗ್ಗೆ ನಲವತ್ತು ನಿಮಿಷ ಪಾಠ ಮಾಡಿದ್ದ ನನಗೆ, ನಂಬಿ ಹೇಳಿದವಳ ಮಾತು ಏನೆಂಬುದೇ ಗೊತ್ತಿರಲಿಲ್ಲ.

ಎರಡು ದಿನ ಸುಲಭದ ದಾರಿಗಳನ್ನೇ ಯೋಚಿಸಿದೆ. ಊರಲ್ಲಿ ಇರಲಿಲ್ಲ, ಮರೆತುಹೋಯಿತು ಎನ್ನಬಹುದಿತ್ತು. ಆದರೆ ಹಾಗೆಂದರೂ ಅವಳು ಹೇಳಿದ್ದು ಏನು ಎಂಬುದು ತಿಳಿಯುತ್ತಿರಲಿಲ್ಲ. ಅದನ್ನು ತಿಳಿಯಬೇಕಾದರೆ ನನ್ನದನ್ನು ಮೊದಲು ಬಿಚ್ಚಬೇಕು. ಬೇರೆ ಹಾದಿ ಇರಲಿಲ್ಲ. ಬುಧವಾರ ಶಾಲೆ ಬಿಟ್ಟ ಮೇಲೆ ಅವಳನ್ನು ಖಾಲಿ ತರಗತಿಗೆ ಕರೆದೆ. ಬಾಗಿಲು ತೆರೆದೇ ಇತ್ತು. ಅವಳು ಬೆಂಚಿನ ತುದಿಗೆ ಕುಳಿತಳು. ನಾನು ಎದುರಿನ ಬೆಂಚಿನಲ್ಲಿ ಕುಳಿತೆ.

"ಶುಕ್ರವಾರ ನೀ ಏನ ಹೇಳಿದಿ, ಒಂದ ಮಾತೂ ನನಗ ಕೇಳಿಲ್ಲವ್ವ," ಎಂದೆ. "ನನ್ನ ಎಡಗಿವಿ ಕೇಳಸಂಗಿಲ್ಲ. ಇದು ಯಾರಿಗೂ ಗೊತ್ತಿಲ್ಲ. ನಮ್ಮ ಮನ್ಯಾಗೂ ಗೊತ್ತಿಲ್ಲ. ಕೇಳಸದಿದ್ರೂ ಆತು ಅಂದ್ನಿ. ಅದು ನನ್ನ ತಪ್ಪು."

ಹದಿನೈದು ವರ್ಷದ ಹುಡುಗಿಯ ಮುಂದೆ ಹಾಗೆ ಕುಳಿತಿದ್ದು ಅದೇ ಮೊದಲು. ಅವಳು ನಕ್ಕಾಳು, ನಾಳೆ ಇಡೀ ಊರಿಗೆ ಹೇಳಿಯಾಳು ಎಂಬ ವಿಚಾರವೂ ಬಂದುಹೋಯಿತು. ಆದರೆ ಅವಳು ಕೇಳಿದ್ದು ಒಂದೇ.

"ಯಾವ ಕಿವಿ ಛಲೋ ಐತ್ರಿ?"

ಬಲಗಿವಿ ಮುಟ್ಟಿ ತೋರಿಸಿದೆ. ಅವಳು ಎದ್ದು, ಬೆಂಚು ಸುತ್ತಿಕೊಂಡು ನನ್ನ ಬಲಗಡೆಗೆ ಬಂದು ಕುಳಿತು, ಶುಕ್ರವಾರದ ಮಾತನ್ನೆಲ್ಲ ಮೊದಲಿನಿಂದ ಹೇಳಿದಳು.

"ನಮ್ಮವ್ವ ಹೊರಗಿಂದ ಟೆಂತ್ ಪರೀಕ್ಷೆ ಕಟ್ಯಾಳ್ರಿ. ನನ್ನ ಪುಸ್ತಕಾನ ಓದ್ಕೋತಾಳ. ಎಲ್ಲಾ ಬರತೈತಿ, ಇಂಗ್ಲಿಷ್ ಒಂದ ಬರವಲ್ದು. ಮನ್ಯಾಗ ಯಾರಿಗೂ ಹೇಳಿಲ್ರಿ. ನಪಾಸಾದ್ರ ನಗ್ತಾರ ಅಂತಾಳ. ರವಿವಾರ ನಿಮ್ಮನಿಗೆ ಕಳಸ್ಲೇನ್ರಿ ಅಂತ ಕೇಳಿದ್ನಿ. ನೀವು ಹಂಗ ಮಾಡೂಣು ಅಂದ್ರಿ."

ನಾನು ಕಣ್ಣು ಒರೆಸಿಕೊಂಡೆ. ಬರುವ ರವಿವಾರ ಖಂಡಿತ ಕಳಿಸು, ನಾನೇ ಬಸ್ ಸ್ಟ್ಯಾಂಡಿಗೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದೆ. ಅವ್ವನಿಗೆ ನಿಮ್ಮ ಕಿವಿಯ ವಿಷಯ ಹೇಳಲೇ, ಇಲ್ಲದಿದ್ದರೆ ಅವಳು ಬರಲು ಒಪ್ಪುವುದಿಲ್ಲ ಎಂದಳು. ಹೇಳು ಎಂದೆ.

ಆ ರವಿವಾರ ಬಸ್ಸಿನಿಂದ ಇಳಿದವಳು ಮೂವತ್ತೈದರ ಆಚೀಚಿನ, ಗಟ್ಟಿ ಮೈಕಟ್ಟಿನ ಹೆಣ್ಣುಮಗಳು. ಅವಳ ತವರು ರಾಯಬಾಗದ ಕಡೆಯ ಕನ್ನಡದ ಮನೆ. ಒಂಬತ್ತನೆಯ ತರಗತಿಗೆ ಶಾಲೆ ಬಿಡಿಸಿ ನಿಪ್ಪಾಣಿಯ ಹತ್ತಿರದ ಮರಾಠಿ ಮಾತಿನ ಮನೆಗೆ ಕೊಟ್ಟಿದ್ದರು. ಗಂಡನದು ಒಂದಿಷ್ಟು ಹೊಲ. ಇವಳು ಮನೆಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದಳು. ತೊಡೆಯ ಮೇಲಿನ ಮೊರದಲ್ಲಿ ತಂಬಾಕು, ಎಲೆಯ ಕಟ್ಟಿನ ಕೆಳಗೆ ಮಗಳ ಪುಸ್ತಕ. ಒಂದು ಬೀಡಿ ಸುತ್ತುವಷ್ಟರಲ್ಲಿ ಒಂದು ಸ್ಪೆಲಿಂಗು ಎಂದು ಬಾಯಿಪಾಠ ಮಾಡಿದ್ದೇನೆ ಎಂದಳು. ಪರೀಕ್ಷೆ ಪಾಸಾಗಿ ಏನು ಮಾಡುತ್ತೀ ಎಂದು ಕೇಳಿದೆ. ಏನೂ ಇಲ್ಲ, ಅರ್ಧಕ್ಕೆ ಬಿಟ್ಟದ್ದು ಅರ್ಧಕ್ಕೇ ಉಳಿದಿದೆ, ಅದು ಮುಗಿಯಬೇಕು ಎಂದಳು. ಆ ಮಾತಿನಲ್ಲಿ ಅಳುಕಿರಲಿಲ್ಲ. ಮೆಟ್ಟಿಲ ಮೇಲೆ ಕಾದ ಎರಡು ತಾಸಿನ ಬಗ್ಗೆ ನಾನು ಕ್ಷಮೆ ಕೇಳಿದರೆ, ಇರಲಿ ಬಿಡಿ, ಆ ಹೊತ್ತಿನಲ್ಲಿ ಎರಡು ಪದ್ಯ ಬಾಯಿಪಾಠವಾದವು ಎಂದಳು.

ಹೀಗೆ ನಾಲ್ಕು ತಿಂಗಳು ಪ್ರತಿ ರವಿವಾರ ಬಂದಳು. ಮನೆಯಲ್ಲಿ ಚಿಕ್ಕೋಡಿಯ ಅಕ್ಕನ ಮನೆಗೆ ಎಂದು ಹೇಳಿ ಬರುತ್ತಿದ್ದಳು. ಅದು ಪೂರ್ತಿ ಸುಳ್ಳಲ್ಲ, ಅಕ್ಕ ಎಂದರೆ ನೀವೇ ಎಂದು ನಗುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂಬುದು ನಿಜವಲ್ಲ. ಓದುತ್ತಿದ್ದಳು, ಬರೆಯುತ್ತಿದ್ದಳು. ಬಾಯಿ ಬಿಟ್ಟು ಆಡಲು ಮಾತ್ರ ನಾಚಿಕೆ. ನನ್ನ ಮುಂದೆ ಆ ನಾಚಿಕೆ ಬೇಗ ಹೋಯಿತು. ಮೆಲ್ಲಗೆ ಮಾತಾಡಿದರೆ ನನಗೆ ಕೇಳಿಸುವುದಿಲ್ಲ ಎಂದು ಅವಳಿಗೆ ಗೊತ್ತಿದ್ದುದರಿಂದ ಪ್ರತಿ ವಾಕ್ಯವನ್ನೂ ಗಟ್ಟಿಯಾಗಿ, ಬಾಯಿ ತುಂಬ ಹೇಳುತ್ತಿದ್ದಳು. ನನ್ನ ಕಿವಿಯ ಮಂದವೇ ಅವಳ ಬಾಯಿ ಬಿಡಿಸಿತು. ಪಕ್ಕದ ಅಜ್ಜಿ ಕಟ್ಟೆಯ ಮೇಲೆ ಕುಳಿತು ನಮ್ಮ ಪಾಠವನ್ನೆಲ್ಲ ಕೇಳುತ್ತಿದ್ದರು.

ಒಂದು ರವಿವಾರ ಮಗಳ ನೋಟ್‌ಬುಕ್ಕಿನಲ್ಲಿ ಕನ್ಫೈಡ್ ಎಂಬ ಪದ ಅವಳಿಗೆ ಕಂಡಿತು. ನಾನು ಲ್ಯಾಟಿನ್ನು, ನಂಬಿಕೆ, 'ಇನ್' ಎಲ್ಲ ವಿವರಿಸಿದೆ. ಅವಳು ಪೆನ್ನು ಕಚ್ಚುತ್ತ ಕೇಳಿದಳು.

"ಇದಕ್ಕ ಇಷ್ಟ ದೂರ ಯಾಕ ಹೋಗಬೇಕ್ರಿ ಅಕ್ಕೋರ. ಯಾರಿಗಾದ್ರೂ ಒಂದ ಮಾತ ಹೇಳಿ, ನಿಮ್ಮ ಹೊಟ್ಟ್ಯಾಗ ಇರಲಿ ಅಂತೀವಲ್ರಿ. ಒಳಗ ಇಡೂದು. ಅದಕ್ಕ 'ಇನ್'."

ನಿಘಂಟು ಬರೆದವರು ಇದನ್ನು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ನನ್ನ ವಿದ್ಯಾರ್ಥಿಗಳಿಗೆ ನಾನು ಈಗ ಎರಡನ್ನೂ ಹೇಳುತ್ತೇನೆ. ಮರಾಠಿ ಮನೆಯ ಮಕ್ಕಳಿಗೆ ಎರಡನೆಯದು ತಟ್ಟನೆ ಹಿಡಿಸುತ್ತದೆ, ಏಕೆಂದರೆ ಅವರೂ ಗುಟ್ಟನ್ನು ಹೊಟ್ಟೆಯಲ್ಲೇ ಇಡುವವರು.

ಅವತ್ತೇ ಅವಳು ನನ್ನ ವಿಷಯಕ್ಕೂ ಬಂದಳು. ನಾಲ್ಕು ಮಂದಿಯ ಮುಂದೆ ಪರೀಕ್ಷೆಗೆ ಕೂರಲು ನನಗೆ ಧೈರ್ಯ ಹೇಳುತ್ತೀರಿ, ನೀವು ಮಾತ್ರ ಡಾಕ್ಟರರ ಹತ್ತಿರ ಹೋಗುವುದಿಲ್ಲವಲ್ಲ ಎಂದಳು. ನಾನು ಪರೀಕ್ಷೆಯ ಮಾತು ಮನೆಯಲ್ಲಿ ಹೇಳುತ್ತೇನೆ, ನೀವು ಕಿವಿಯ ಮಾತು ಹೇಳಿ ಎಂದು ಷರತ್ತು ಹಾಕಿದಳು. ನನಗೆ ಒಪ್ಪದೆ ಗತ್ಯಂತರವಿರಲಿಲ್ಲ.

ಆ ಸಂಜೆಯೇ ಗಂಡನಿಗೆ ಹೇಳಿದೆ. ಅವರು ಮೊದಲು ನಂಬಲಿಲ್ಲ. ನಂಬಿದ ಮೇಲೆ, ಇಷ್ಟು ವರ್ಷ ಸುಮ್ಮನೆ ಬೈದೆನಲ್ಲ ಎಂದು ಪೇಚಾಡಿದರು. ಆಮೇಲೆ, ಶಾಲೆಯ ಹುಡುಗಿಗೆ ನನಗಿಂತ ಮೊದಲು ಹೇಳಿದ್ದೇಕೆ ಎಂದು ಕೇಳಿದರು. ಅವರಿಗೆ ನೋವಾಗಿತ್ತು. ಅವಳು ಮೊದಲು ನನಗೆ ಹೇಳಿದ್ದಳು, ಅದಕ್ಕೆ ಎಂದಷ್ಟೇ ಹೇಳಿದೆ. ಮೂರನೆಯ ದಿನ ಅವರೇ ಮಿರಜಿನ ಡಾಕ್ಟರರ ವೇಳೆ ಗೊತ್ತುಮಾಡಿಕೊಂಡು ಬಂದರು. ಅಥಣಿಗೆ ಹೋಗಿ, ತಮ್ಮನನ್ನೂ ಕರೆದುಕೊಂಡು, ಕಾಗವಾಡದ ಮೇಲೆ ಮಿರಜಿಗೆ ಹೋದೆವು. ಕಿವಿಯೊಳಗಿನ ಸಣ್ಣ ಎಲುಬು ಬಿಗಿದುಕೊಂಡಿದೆ, ಮಷೀನು ಹಾಕಿಕೊಂಡರೆ ಸಾಕಷ್ಟು ಕೇಳಿಸುತ್ತದೆ ಎಂದರು ಡಾಕ್ಟರು. ಮಷೀನು ಹಾಕಿದ ದಿನ ಬಸ್ಸಿನಲ್ಲಿ ಹಿಂದಿನ ಸೀಟಿನವರು ದ್ರಾಕ್ಷಿಯ ಔಷಧ ಸಿಂಪಡಿಸುವ ಬಗ್ಗೆ ಆಡಿದ ಮಾತೆಲ್ಲ ಕೇಳಿಸಿತು. ಕಾಗವಾಡದಿಂದ ಅಥಣಿಯವರೆಗೂ ಅದನ್ನೇ ಕೇಳುತ್ತ ಬಂದೆ.

ಹೆಡ್‌ಮಾಸ್ಟರರಿಗೆ ಹೇಳಿದಾಗ ಅವರು, ಮೊದಲೇ ಹೇಳಬಾರದಿತ್ತೇ ಎಂದು ರಸ್ತೆಯ ಸದ್ದಿಲ್ಲದ ಕೋಣೆಯನ್ನು ನನ್ನ ತರಗತಿಗೆ ಕೊಟ್ಟರು. ಅಷ್ಟೇ. ಐದು ವರ್ಷ ಅಂಜಿದ ವಿಷಯ ಐದು ನಿಮಿಷಕ್ಕೆ ಮುಗಿಯಿತು. ಮಕ್ಕಳಿಗೆ ಮಷೀನು ತೆಗೆದು ತೋರಿಸಿದೆ. ಒಂದಿಬ್ಬರು ಬೆನ್ನ ಹಿಂದೆ 'ಕೆಪ್ಪಿ ಟೀಚರ್' ಎಂದರು. ಈಗ ಅದು ಕೇಳಿಸುತ್ತದೆ ಎಂದು ಅವರಿಗೆ ಹೇಳಿದ ಮೇಲೆ ಬಿಟ್ಟರು.

ಅತ್ತ ಹುಡುಗಿಯ ತಾಯಿಯೂ ಮಾತು ಉಳಿಸಿಕೊಂಡಳು. ಪರೀಕ್ಷೆಗೆ ವಾರವಿರುವಾಗ ಊಟಕ್ಕೆ ಬಡಿಸುತ್ತ ಗಂಡನಿಗೆ ಹೇಳಿದಳಂತೆ. ಅವನು ಊಟ ಮುಗಿಸಿ, ಕೈ ತೊಳೆದುಕೊಂಡು ಬಂದು, ಪರೀಕ್ಷೆ ಎಲ್ಲಿ ಎಂದು ಕೇಳಿದನಂತೆ. ತಾಯಿಯ ಕೇಂದ್ರ ನಿಪ್ಪಾಣಿಯಲ್ಲಿ, ಮಗಳದು ಇನ್ನೊಂದು ಊರಲ್ಲಿ. ಪರೀಕ್ಷೆ ಇದ್ದ ದಿನವೆಲ್ಲ ಮೊದಲು ಮಗಳನ್ನು ಬಿಟ್ಟು, ಆಮೇಲೆ ಹೆಂಡತಿಯನ್ನು ಬಿಟ್ಟು ಹೊಲಕ್ಕೆ ಹೋದನಂತೆ. ಅತ್ತೆ ಮಾತ್ರ, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಮರಾಠಿಯಲ್ಲಿ ಗೊಣಗಿದರಂತೆ. ಗೊಣಗುತ್ತಲೇ ಆ ದಿನಗಳ ರೊಟ್ಟಿಯನ್ನು ತಾವೇ ಬಡಿದರಂತೆ.

ಮಗಳು ಒಳ್ಳೆಯ ಅಂಕ ಪಡೆದು ಪಾಸಾದಳು. ತಾಯಿ ಇಂಗ್ಲಿಷಿನಲ್ಲಿ ಪಾಸಾದಳು, ಗಣಿತದಲ್ಲಿ ಬಿದ್ದಳು. ಫಲಿತಾಂಶದ ದಿನ ನಾನೇ ಅಂಜಿಕೊಂಡು ಫೋನು ಮಾಡಿದೆ. ಅವಳು ಅತ್ತಿರಲಿಲ್ಲ. ಯಾರೂ ನಗಲಿಲ್ಲ, ಮೈದುನನ ಮಗ ಗಣಿತ ಹೇಳಿಕೊಡುತ್ತೇನೆ ಎಂದಿದ್ದಾನೆ, ಮತ್ತೆ ಬರೆಯುತ್ತೇನೆ ಎಂದಳು. ಮುಂದಿನ ಪರೀಕ್ಷೆಯಲ್ಲಿ ಅದನ್ನೂ ಮುಗಿಸಿದಳು. ಅಂಕಪಟ್ಟಿ ಕೈಗೆ ಬಂದ ದಿನ ಗಂಡ, ಮಗಳು, ಅತ್ತೆ ಎಲ್ಲರನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದಳು. ಅತ್ತೆ ಆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, ಇದರಲ್ಲಿ ನಮ್ಮ ಮನೆತನದ ಹೆಸರು ಎಲ್ಲಿದೆ ತೋರಿಸು ಎಂದು ಸೊಸೆಗೆ ಹೇಳಿದರು. ಸೊಸೆ ಬೆರಳಿಟ್ಟು ತೋರಿಸಿದಳು.

ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ತಾಯಿ ಕಳೆದ ತಿಂಗಳು ತನ್ನ ಓಣಿಯ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ಒಬ್ಬಳು ಏಳನೆಯದಕ್ಕೆ ಶಾಲೆ ಬಿಟ್ಟವಳು, ಇನ್ನೊಬ್ಬಳು ಎಂಟನೆಯದಕ್ಕೆ. ಇಬ್ಬರೂ ನನ್ನ ಮುಂದೆ ತಲೆ ತಗ್ಗಿಸಿ ಕುಳಿತಿದ್ದರು. ಅವರ ಪರವಾಗಿ ಅವಳೇ ಎಲ್ಲ ಹೇಳಿದಳು. ನಾನು ಅವರಿಗೆ ರವಿವಾರ ಹತ್ತು ಗಂಟೆಗೆ ಬರಲು ಹೇಳಿದ್ದೇನೆ.